ಚಿಂತಕುಂಟೆಯನ್ನು ಹುಣಸೇಕುಂಟೆಗೆ ಸೇರಿಸಿದ್ದು

ಈಚೆಗೆ ನಾನು ಗಡ್ಡವನ್ನು ಮನೆಯಲ್ಲೇ ಹೆರೆದುಕೊಳ್ಳುತ್ತೇನೆ. ನಡುಗುವ ಕೈ, ಮಬ್ಬಾದ ಕಣ್ಣು, ಬಚ್ಚಲಿನ ಮೊಳೆಗೆ ನೇತುಹಾಕಿದ ಅಂಗೈಯಗಲದ ಕನ್ನಡಿ, ಇವು ಮೂರೂ ಸೇರಿ ವಾರಕ್ಕೆರಡು ಸಲ ನನ್ನ ಗಲ್ಲದ ಮೇಲೆ ಕೆಂಪು ಗೀರು ಎಳೆಯುತ್ತವೆ. ಹೆಂಡತಿ ಸರೋಜಾ ಅದಕ್ಕೆ ಅರಿಸಿನ ಒತ್ತುತ್ತಾ, "ಅಷ್ಟು ವರ್ಷ ಹೋಗ್ತಿದ್ದ ಅಂಗಡಿಗೆ ಈಗ ಹೋಗೋಕೆ ಏನ್ರೀ ಕಷ್ಟ?" ಎಂದು ಕೇಳುತ್ತಾಳೆ. ಕಾರಣ ಅವಳಿಗೆ ಗೊತ್ತು. ಗೊತ್ತಿದ್ದೂ ಕೇಳುತ್ತಾಳೆ. ಕಷ್ಟ ಕ್ಷೌರದಂಗಡಿಯದಲ್ಲ, ಪಕ್ಕದ ಕುರ್ಚಿಯದು. ಅಲ್ಲಿ ಯಾರು ಬಂದು ಕೂರುತ್ತಾರೆ, ಏನು ಮಾತಾಡಿ ಎದ್ದುಹೋಗುತ್ತಾರೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಕತ್ತಿ ಗಂಟಲ ಮೇಲಿರುವಾಗ ಕಿವಿ ಮುಚ್ಚಿಕೊಳ್ಳಲೂ ಆಗುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲ. ಮಾಲೂರು ತಾಲ್ಲೂಕಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನಡುಮನೆಯ ತುಂಬ ತಟ್ಟೆಗಳ ಅಟ್ಟಣೆ, ನಾವು ಮಕ್ಕಳು ಅದರ ಬುಡದಲ್ಲಿ ಚಾಪೆ ಹಾಸಿಕೊಂಡು ಮಲಗುವುದು. ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಚರಚರ ಸದ್ದು ಮನೆಯಲ್ಲಿ ಸದಾ ಇರುತ್ತಿತ್ತು. ಬೇರೆ ಮಕ್ಕಳು ಸದ್ದಿಗೆ ಹೆದರಿದರೆ ನಾನು ಅದು ನಿಂತರೆ ಹೆದರುತ್ತಿದ್ದೆ. ಪೊರೆ ಬಿಡುವ ಮೊದಲು ಹುಳುಗಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಅಲುಗಾಡದೆ ಕೂತುಬಿಡುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. "ಜ್ವರಕ್ಕೆ ಕೂತವೆ ಕಣೋ, ಏನೂ ಆಗಿಲ್ಲ" ಎಂದು ಅಮ್ಮ ಎಷ್ಟು ಹೇಳಿದರೂ ನನಗೆ ಅವೆಲ್ಲ ಸತ್ತಿವೆಯೆಂದೇ ಅನ್ನಿಸುತ್ತಿತ್ತು. ಅದೂ ನನ್ನಿಂದಲೇ, ನಾನೇನೋ ಮುಟ್ಟಬಾರದ್ದನ್ನು ಮುಟ್ಟಿದ್ದರಿಂದಲೇ. ಎಲ್ಲಿ ಏನು ಕೆಟ್ಟದ್ದಾದರೂ ಅದು ನನ್ನಿಂದಾಗಿರಬಹುದೆಂಬ ಈ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಅಮ್ಮ ಶ್ರೀನಿವಾಸಪುರದ ಕಡೆಯವಳು. ಅಪ್ಪನ ಹತ್ತಿರ ಕನ್ನಡ, ತವರಿನವರ ಹತ್ತಿರ ತೆಲುಗು, ನಮ್ಮ ಹತ್ತಿರ ಎರಡೂ. ಹಾಗಾಗಿ ನಮ್ಮ ಮನೆಯಲ್ಲಿ ಪ್ರತಿ ವಸ್ತುವಿಗೂ ಎರಡು ಹೆಸರು. ಅಪ್ಪ ಹುಣಸೇಹಣ್ಣು ಅಂದರೆ ಅಮ್ಮ ಚಿಂತಪಂಡು ಅನ್ನುತ್ತಿದ್ದಳು. ಸಾರಿಗೆ ಬೀಳುತ್ತಿದ್ದುದು ಮಾತ್ರ ಒಂದೇ. ಈ ಪಾಠ ನನಗೆ ಎಷ್ಟು ಚೆನ್ನಾಗಿ ಅಂಟಿತೆಂದರೆ, ಎರಡು ಹೆಸರು ಕಂಡಲ್ಲೆಲ್ಲ ವಸ್ತು ಒಂದೇ ಎಂದು ನಂಬುವ ಚಾಳಿ ಬೆಳೆಯಿತು.

ಮುಂದೆ ಕೋಲಾರದಲ್ಲಿ ಅಂಚೆ ಕೆಲಸ ಸಿಕ್ಕಿತು. ಕಾಗದಗಳನ್ನು ಊರೂರಿನ ಗೂಡಿಗೆ ವಿಂಗಡಿಸುವುದು ನನ್ನ ಕೆಲಸ. ನಮ್ಮ ಜಿಲ್ಲೆಯಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರು ಎಷ್ಟಿವೆಯೋ ದೇವರಿಗೇ ಗೊತ್ತು. ತಾಲ್ಲೂಕಿನ ಹೆಸರು ಬರೆಯದಿದ್ದರೂ ಅಕ್ಷರ ನೋಡಿ, ಕಳಿಸಿದವರ ಹೆಸರು ನೋಡಿ, ಇದು ಇಂಥ ಹೊಸಹಳ್ಳಿಯದು ಎನ್ನುವಷ್ಟು ಪಳಗಿದ್ದೆ. ಆದರೆ ಶ್ರೀನಿವಾಸಪುರದ ಕಾಗದಗಳನ್ನು ನಾವು ಬಿಡಿಸುತ್ತಿರಲಿಲ್ಲ. ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಬಸ್ಸಿಗೆ ಹಾಕಿಬಿಡುತ್ತಿದ್ದೆವು. ಅಮ್ಮನ ತಾಲ್ಲೂಕು ನನಗೆ ಒಂದು ಚೀಲ, ಅಷ್ಟೆ. ಇದನ್ನು ನಾನು ಮರೆಯಬಾರದಿತ್ತು.

ನಿವೃತ್ತಿಯಾದ ಮೇಲೆ ಮಾಲೂರಿನ ರೆಹಮಾನ್ ಸಾಹೇಬರು ನನ್ನನ್ನು ಒಂದು ಹೊಸ ಚಟಕ್ಕೆ ಎಳೆದರು. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಯಾರನ್ನೂ ನೋಯಿಸದ ಮನುಷ್ಯ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ, ತಿದ್ದಬಹುದಾದ ಕನ್ನಡ ವಿಶ್ವಕೋಶವೊಂದಿದೆಯಲ್ಲ, ಅದಕ್ಕೆ ನಮ್ಮ ಕಡೆಯ ಊರುಗಳ ಪುಟಗಳನ್ನು ಒಪ್ಪಮಾಡುವ ನಾಲ್ಕು ಜನರ ಗುಂಪು ಅವರದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಮ್ಮ ಪಾಲಿಗೆ. ಹಿಂದೆ ಯಾರೋ ಪುಣ್ಯಾತ್ಮರು ಕೈಗೆ ಸಿಕ್ಕ ಹೆಸರಿಗೆಲ್ಲ ಒಂದೊಂದು ಪುಟ ಮಾಡಿ ಹೋಗಿದ್ದರು. "ಇದು ಇಂಥ ತಾಲ್ಲೂಕಿನ ಒಂದು ಗ್ರಾಮ" ಎಂಬ ಒಂದು ಸಾಲು, ಕೆಳಗೆ ನಕ್ಷೆಯಲ್ಲೊಂದು ಚುಕ್ಕಿ. ಯಾವ ಊರಿಗೆ ಸ್ವಂತ ಪುಟ ಇರಬೇಕು, ಯಾವುದು ಇನ್ನೊಂದು ಊರಿನ ಪುಟದಲ್ಲಿ ಒಂದು ಸಾಲಾಗಿ ಅಡಗಬೇಕು ಎಂದು ನಾವು ತೀರ್ಮಾನಿಸಬೇಕಾಗಿತ್ತು.

ಅದಕ್ಕೊಂದು ನಿಯಮವೂ ಇತ್ತು. ಕಂದಾಯದ ಲೆಕ್ಕದಲ್ಲಿ ಪ್ರತ್ಯೇಕ ಗ್ರಾಮವೆಂದು ಇದ್ದರೆ ಅದಕ್ಕೆ ಪುಟ. ಇನ್ನೊಂದು ಗ್ರಾಮಕ್ಕೆ ಸೇರಿದ ಮಜರೆಯಾಗಿದ್ದರೆ, ಅಲ್ಲಿ ನೂರು ಮನೆಯಿದ್ದರೂ, ಪುಟವಿಲ್ಲ. ಲೆಕ್ಕದಲ್ಲಿ ಬೇಚಿರಾಕ್ ಗ್ರಾಮಗಳೆಂದು ಕೆಲವಿವೆ. ಹಾಗೆಂದರೆ ದೀಪ ಹಚ್ಚುವವರೇ ಇಲ್ಲದ, ಪಾಳುಬಿದ್ದ ಊರು. ಅವಕ್ಕೆ ಪುಟವುಂಟು! ಅಮ್ಮನ ತವರಿನ ದಾರಿಯಲ್ಲಿ ಅಂಥದ್ದೊಂದಿತ್ತು. ಒಂದು ಕಲ್ಲಿನ ಆಂಜನೇಯ, ಒಂದು ಹಾಳುಬಾವಿ, ಸುತ್ತ ಕಳ್ಳಿ. ಯಾವುದೋ ರೋಗಕ್ಕೆ ಊರಿಗೆ ಊರೇ ಖಾಲಿಯಾಯಿತಂತೆ. ಅಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡು ಬಿರಬಿರನೆ ನಡೆಯುತ್ತಿದ್ದಳು. ಅರವತ್ತು ದಾಟಿದ ಮೇಲೆ ಆ ಊರಿನ ಪುಟ ನನ್ನ ಮುಂದೆ ಬಂತು. ಬೇಡ ಎಂದರೆ ಅಲ್ಲಿದ್ದವರು ಏನು ಮಾಡುತ್ತಾರೋ ಎಂದು ಹೆದರಿ, ಇರಲಿ ಎಂದು ಒತ್ತಿಬಿಟ್ಟೆ.

ಉಳಿದ ಕಡೆ ಮಾತ್ರ ನನ್ನಷ್ಟು ಧೈರ್ಯವಂತರಿರಲಿಲ್ಲ. ಜೀವಮಾನವಿಡೀ ಮೇಲಿನವರು ಹೇಳಿದ್ದಕ್ಕೆ ತಲೆಯಾಡಿಸಿದವನ ಕೈಗೆ ಊರುಗಳನ್ನು ಉಳಿಸುವ ಅಳಿಸುವ ಅಧಿಕಾರ ಬಂದರೆ ಏನಾಗುತ್ತದೋ ಅದೇ ಆಯಿತು. ಕಾಫಿ ಮುಗಿಯುವುದರೊಳಗೆ ಒಂದೆರಡು ಊರು ಸೇರಿಸಿಬಿಡುತ್ತಿದ್ದೆ.

ಹೀಗೊಂದು ಬೆಳಿಗ್ಗೆ ಶ್ರೀನಿವಾಸಪುರ ತಾಲ್ಲೂಕಿನ ಪಟ್ಟಿಯಲ್ಲಿ ಹುಣಸೇಕುಂಟೆ, ಚಿಂತಕುಂಟೆ ಎಂಬ ಎರಡು ಹೆಸರು ಕಂಡೆ. ಕುಂಟೆ ಎಂದರೆ ಸಣ್ಣ ಕೆರೆ. ಮೊದಲನೆಯದು ಕಂದಾಯದ ಲೆಕ್ಕದಲ್ಲಿತ್ತು, ಎರಡನೆಯದು ಇರಲಿಲ್ಲ. ನನಗೆ ನಗು ಬಂತು. ಕನ್ನಡದ ಹುಣಸೆ ತಾನೆ ತೆಲುಗಿನ ಚಿಂತ? ಒಂದೇ ಊರನ್ನು ಯಾರೋ ಎರಡು ಭಾಷೆಯಲ್ಲಿ ಬರೆದಿದ್ದಾರೆ. ರೆಹಮಾನ್ ಸಾಹೇಬರಿಗೆ ಫೋನು ಮಾಡಿ ನನ್ನ ಪತ್ತೇದಾರಿಕೆ ವಿವರಿಸಿದೆ. ಅವರು, "ಸಾರ್, ಒಂದ್ಸಲ ಹೋಗಿ ನೋಡ್ಕೊಂಡು ಬಂದ್ಬಿಡೋಣ್ವಾ? ಎರಡೂ ಬೇರೆ ಬೇರೆ ಇದ್ರೆ?" ಎಂದರು.

"ನಮ್ಮಮ್ಮನ ಮಾತು ತೆಲುಗು, ಸಾಹೇಬ್ರೇ. ಚಿಂತ ಅಂದ್ರೆ ಹುಣಸೆ ಅಂತ ತಿಳ್ಕೊಳ್ಳೋಕೆ ನಾನು ಬಸ್ ಹತ್ಬೇಕಾ?"

"ನಿಮ್ಮಿಷ್ಟ" ಎಂದರು.

ಅದರ ಚುಕ್ಕಿ ನಕ್ಷೆಯಲ್ಲಿ ಎಲ್ಲಿದೆಯೆಂದೂ ನೋಡದೆ ಚಿಂತಕುಂಟೆಯ ಪುಟ ತೆಗೆದೆ. ಯಾರು ಆ ಹೆಸರು ಹುಡುಕಿದರೂ ಹುಣಸೇಕುಂಟೆಯ ಪುಟವೇ ತೆರೆಯುವಂತೆ, ಅಲ್ಲಿನ ಚುಕ್ಕಿಯೇ ಕಾಣುವಂತೆ ಮಾಡಿದೆ. ಕಾರಣ ಬರೆಯುವ ಜಾಗದಲ್ಲಿ "ಒಂದೇ ಊರಿನ ಎರಡು ಹೆಸರು, ಸೇರಿಸಲಾಗಿದೆ" ಎಂದು ಬರೆದು ಎದ್ದೆ.

ಕೆಲವು ತಿಂಗಳಾದ ಮೇಲೆ, ಮಾವಿನ ಕಾಲದಲ್ಲಿ, ಚಲಪತಿಯ ಕ್ಷೌರದಂಗಡಿಯಲ್ಲಿ ಕತ್ತೆತ್ತಿ ಕೂತಿದ್ದೆ. ಮುಖದ ತುಂಬ ನೊರೆ. ಪಕ್ಕದ ಕುರ್ಚಿಯಲ್ಲಿ ಟೆಂಪೋ ಡ್ರೈವರೊಬ್ಬ ಆಗಷ್ಟೇ ತಲೆ ಕತ್ತರಿಸಿಕೊಂಡು ಹೆಗಲು ಕೊಡವಿಕೊಳ್ಳುತ್ತಿದ್ದ. ಶ್ರೀನಿವಾಸಪುರದ ಕಡೆಯಿಂದ ಮಾರುಕಟ್ಟೆಗೆ ಟೊಮೇಟೊ ತರುವವನು.

"ಮೊನ್ನೆ ನಮ್ಮ ಕಡೆ ಏನಾಯ್ತು ಗೊತ್ತಾ ಚಲಪತಿ? ಚಿಂತಕುಂಟೇಲಿ ಒಬ್ಳು ಬಸ್ರಿಗೆ ನೋವು ಬಂದೈತೆ. ಆಂಬುಲೆನ್ಸ್‌ಗೆ ಫೋನ್ ಮಾಡವ್ರೆ. ಅದು ಓಗಿ ಓಗಿ ಹುಣಸೇಕುಂಟೇಲಿ ನಿಂತೈತೆ! ಇವ್ರು ಇಲ್ಲಿ ರೋಡ್ನಾಗೆ ಕಾಯ್ತಾವ್ರೆ, ಅವ್ರು ಅಲ್ಲಿ ಬಸ್ರಿ ಯಾರು ಅಂತ ಮನೆಮನೆ ಕೇಳ್ತಾವ್ರೆ."

"ಅದೆಂಗಣ್ಣ ಅಂಗಾಯ್ತು?"

"ಫೋನ್ನಾಗೆ ಅಂಗೆ ತೋರಿಸ್ತೋ ಏನೋ. ಈಗೆಲ್ಲಾ ಅದನ್ನ ನೋಡ್ಕೊಂಡೇ ಅಲ್ವಾ ಓಗೋದು?"

ನನ್ನ ಗಂಟಲಿನಿಂದ ಏನೋ ಸದ್ದು ಹೊರಟಿತು. ದವಡೆಯ ಕೆಳಗೆ ಕತ್ತಿಯಿತ್ತು. "ಅಲ್ಲಾಡ್ಬೇಡಿ ಪೋಸ್ಟ್ ಸಾರ್" ಎಂದು ಚಲಪತಿ ನನ್ನ ಹಣೆ ಒತ್ತಿ ಹಿಡಿದ. ಕಣ್ಣಂಚಿನಲ್ಲಿ ಡ್ರೈವರು ಕನ್ನಡಿ ನೋಡಿಕೊಂಡಿದ್ದು, ಬಾಚಣಿಗೆ ಆಡಿಸಿದ್ದು, ಹೊರಗೆ ಹೋದದ್ದು ಕಂಡಿತು. ಕತ್ತಿ ಸರಿದದ್ದೇ ಅರ್ಧ ಗಡ್ಡದಲ್ಲಿ, ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಬೀದಿಗೆ ಓಡಿದೆ. ಟೆಂಪೋ ತಿರುವಿನಲ್ಲಿ ಮರೆಯಾಯಿತು.

"ಆ ಹೆಂಗಸು ಏನಾದ್ಳು?" ಎಂದು ಚಲಪತಿಯನ್ನು ಕೇಳಿದೆ.

"ಗೊತ್ತಿಲ್ಲ ಸಾರ್, ಕೇಳ್ಲಿಲ್ಲ."

"ಯಾಕೆ ಕೇಳ್ಲಿಲ್ಲ?"

"ನೀವು ಅಲ್ಲಾಡ್ತಿದ್ರಲ್ಲ, ನಾನು ಕತ್ತಿ ಕಡೆ ನೋಡ್ತಿದ್ದೆ."

ಮನೆಗೆ ಬಂದು ನಕ್ಷೆಯನ್ನು ದೊಡ್ಡದು ಮಾಡಿ ನೋಡಿದೆ. ಒಂದು ಕಡೆ ಹುಣಸೇಕುಂಟೆ. ಅಲ್ಲಿಂದ ಬಹಳ ದೂರ, ಆಂಧ್ರದ ಗಡಿಯ ಕಡೆಗೆ, ಚಿಂತಕುಂಟೆಯ ಹಳೆಯ ಚುಕ್ಕಿ ಇದ್ದಲ್ಲಿ, ಮಾವಿನ ತೋಪುಗಳ ನಡುವೆ ಒಂದು ಹಿಡಿ ಛಾವಣಿಗಳು. ಅದರ ಮೇಲೆ ಹೆಸರಿಲ್ಲ. ಪುಟದ ಚರಿತ್ರೆ ತೆರೆದೆ. ಆ ವಿಶ್ವಕೋಶದಲ್ಲಿ ಯಾರು ಏನು ತಿದ್ದಿದರೂ ಅದು ಹೆಸರು, ದಿನ, ಗಳಿಗೆ ಸಮೇತ ದಾಖಲಾಗುತ್ತದೆ, ಎಂದೂ ಅಳಿಯುವುದಿಲ್ಲ. ಅಲ್ಲಿ ನನ್ನ ಹೆಸರಿತ್ತು. ಪಕ್ಕದಲ್ಲಿ ನನ್ನದೇ ಮಾತು: "ಒಂದೇ ಊರಿನ ಎರಡು ಹೆಸರು."

ಕೂಡಲೇ ಸರಿಮಾಡಬಹುದಿತ್ತು, ಬೆರಳು ಅಲ್ಲಿಯವರೆಗೂ ಹೋಯಿತು. ಈಗ ತಿದ್ದಿದರೆ ಸಾಕ್ಷಿ ನಾಶ ಮಾಡಿದ ಹಾಗಾಗುವುದಿಲ್ಲವೇ ಎನ್ನಿಸಿ ಹಿಂದೆಗೆದೆ. ಪುಕ್ಕಲರಿಗೆ ಕಾನೂನು ಬಹಳ ಬೇಗ ಹೊಳೆಯುತ್ತದೆ. ಮೂರು ದಿನ ಹಾಗೇ ಬಿಟ್ಟೆ. ಪೇಪರು ಬಂದರೆ ಒಳಪುಟಗಳನ್ನು ಬಿಡಿಸಲು ಧೈರ್ಯವಿಲ್ಲ. ಬೀದಿಯಲ್ಲಿ ಜೀಪು ನಿಂತರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ತುತ್ತು ಕಲಸಿದ್ದು ಕಲಸಿದಂತೆ ತಟ್ಟೆಯಲ್ಲಿರುತ್ತಿತ್ತು. ರೆಹಮಾನ್ ಸಾಹೇಬರ ಫೋನು ಬಂದರೆ ಎತ್ತಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಸರೋಜಾ ನನ್ನ ಎದುರು ಬಂದು ಕೂತಳು. "ಏನ್ರೀ, ಗೇಟ್ ಸದ್ದಾದ್ರೆ ಸಾಕು ಬಚ್ಚಲಿಗೆ ಹೋಗ್ತೀರಿ. ಸಕ್ಕರೆ ಜಾಸ್ತಿ ಆಗಿದ್ಯಾ?"

ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ.

"ಆ ಹುಡುಗಿ ಹೆಸರೇನು?" ಎಂದಳು.

"ಗೊತ್ತಿಲ್ಲ."

"ಮೂರು ದಿನದಿಂದ ನಿಮಗೇನಾಗುತ್ತೋ ಅಂತ ಹೆದರ್ಕೊಂಡು ಕೂತಿದ್ದೀರಿ. ಅವಳು ಇದ್ದಾಳೋ ಇಲ್ವೋ, ಹೋಗಿ ನೋಡೋಣ ಅನ್ನಿಸ್ಲಿಲ್ವಾ?"

ನಿಜವಾಗಿಯೂ ಅನ್ನಿಸಿರಲಿಲ್ಲ. ಅಷ್ಟು ದಿನ ಹೆದರಿದ್ದಕ್ಕಿಂತ ಹೆಚ್ಚಾಗಿ ಆ ಕ್ಷಣ ನಾಚಿಕೆಯಾಯಿತು. "ಮೊದ್ಲು ಅದನ್ನ ಸರಿ ಮಾಡಿ" ಎಂದು ಅವಳು ಪಕ್ಕದಲ್ಲೇ ನಿಂತಳು. ಚಿಂತಕುಂಟೆಯ ಪುಟವನ್ನು ಮತ್ತೆ ಬೇರೆ ಮಾಡಿದೆ. ಒಂದು ಸಾಲು, ಒಂದು ಚುಕ್ಕಿ. ಆಯಿತು ಎಂದು ನೋಡಿದರೆ ಅವಳು ಆಗಲೇ ಬಟ್ಟೆಯಂಗಡಿಗೆ ಹೊರಟಿದ್ದಳು.

ಮಾರನೆಯ ಬೆಳಿಗ್ಗೆ ಬ್ಯಾಗಿನ ತಳದಲ್ಲಿ ಎರಡು ಬಿಳಿ ಜಬಲ, ಒಂದು ಪುಟ್ಟ ಟವಲು, ಮಗುವಿನ ಸೋಪು ಇಟ್ಟಳು. ಅದರ ಮೇಲೆ ಹಳೆಯ ಪೇಪರು ಮಡಿಸಿ ಹಾಸಿ, ಅದರ ಮೇಲೆ ನೀರಿನ ಬಾಟಲು ಇಟ್ಟಳು.

"ಪೇಪರ್ ಯಾಕೆ?"

"ಕಾಣ್ಬಾರ್ದು. ಮಗು ಇದ್ರೆ ಕೊಡೋಣ. ಇಲ್ಲಾಂದ್ರೆ ಯಾರಿಗೂ ತೋರಿಸ್ದೆ ವಾಪಸ್ ತರೋಣ."

ಬಸ್ಸಿನ ದಾರಿಯುದ್ದಕ್ಕೂ ಆ ಬ್ಯಾಗು ನನ್ನ ತೊಡೆಯ ಮೇಲಿತ್ತು. ಅಷ್ಟು ಹಗುರಾದ ಚೀಲವನ್ನು ನಾನು ಎಂದೂ ಹಿಡಿದವನಲ್ಲ. ಆದರೂ ತೊಡೆ ಮರಗಟ್ಟಿತು. ಶ್ರೀನಿವಾಸಪುರದಲ್ಲಿ ಇಳಿದಾಗ ಮಂಡಿಗಳ ಮುಂದೆ ಮಾವಿನ ರಾಶಿ, ಲಾರಿಗಳು, ಕೂಗಾಟ. ಬೇರೆ ದಿನವಾಗಿದ್ದರೆ ನಾನು ಬಾದಾಮಿ ಮಾವಿನ ರಾಶಿಯ ಮುಂದೆ ನಿಂತುಬಿಡುತ್ತಿದ್ದೆ. ಆಟೋದವನಿಗೆ ಸರೋಜಾಳೇ ಊರಿನ ಹೆಸರು ಹೇಳಿದಳು.

"ಚಿಂತಕುಂಟೆಗಾ? ಮೊನ್ನೆ ಗಾಡಿ ಬರ್ದೇ ಓಯ್ತಲ್ಲ, ಆ ಮನೇಗಾ?"

"ಹೂಂ ಕಣಪ್ಪ. ಆ ಹುಡುಗಿಗೆ ಏನಾಯ್ತು?"

ಆಟೋ ಚಾಲೂ ಆಯಿತು. ಆ ಗದ್ದಲದಲ್ಲಿ ಅವನು ತಿರುಗಿ ಏನೋ ಹೇಳಿದ. ನನಗೆ ಕೇಳಿಸಿದ್ದು ಕೊನೆಯ ಒಂದೇ ಮಾತು: "ಪಾಪ."

ನಾನು ಸರೋಜಾಳ ಮುಖ ನೋಡಲಿಲ್ಲ, ಅವಳೂ ನೋಡಲಿಲ್ಲ. ಟಾರು ರಸ್ತೆ ಮುಗಿದು ಮಣ್ಣಿನ ದಾರಿ ಬಂತು. ಎರಡೂ ಕಡೆ ಮಾವಿನ ತೋಪು, ಕಾಯಿಭಾರಕ್ಕೆ ನೆಲ ಮುಟ್ಟಿದ ಕೊಂಬೆಗಳಿಗೆ ಕೋಲು ಆನಿಸಿದ್ದರು. ದಾರಿಯಲ್ಲಿ ಎರಡು ಕವಲು ಬಂದವು, ಎಲ್ಲೂ ಬೋರ್ಡಿರಲಿಲ್ಲ. ಒಂದು ಸಣ್ಣ ಏರು ಹತ್ತಿದ ಮೇಲೆ ಊರು ಕಂಡಿತು. ಮೊದಲನೆಯ ಮನೆಯ ಮುಂದೆ, ಬಯಲಲ್ಲಿ, ಬೆಂಕಿ ಉರಿಯುತ್ತಿತ್ತು. ಜಗಲಿಯ ಮೇಲೆ ನಾಲ್ಕೈದು ಜನ. ಒಬ್ಬರು ಮುದುಕರು ತಲೆಗೆ ಟವಲು ಹಾಕಿಕೊಂಡು ಮೊಣಕಾಲಿನ ನಡುವೆ ಮುಖವಿಟ್ಟು ಕೂತಿದ್ದರು.

ನಮ್ಮ ಕಡೆ ಮನೆಯ ಮುಂದೆ ಬೆಂಕಿ ಹಾಕುವುದು ಯಾವಾಗ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

"ಸರೋಜಾ, ವಾಪಸ್ ಹೋಗೋಣ" ಎಂದೆ. ಅವಳು ಬ್ಯಾಗು ತೆಗೆದುಕೊಂಡು ಇಳಿದಳು. ನಾನು ಆಟೋದ ಕಂಬಿ ಹಿಡಿದು ನೋಡುತ್ತಾ ಕೂತೆ. ಅವಳು ಬೆಂಕಿಯನ್ನು ಸುತ್ತಿಕೊಂಡು ಹೋದಳು. ಒಬ್ಬ ಅಜ್ಜಿ ಎದ್ದು ಬಂದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಏನೋ ಹೇಳಿದಳು. ಸರೋಜಾ ಆಕೆಯ ಕೈ ಹಿಡಿದುಕೊಂಡಳು. ಅಷ್ಟು ದೂರಕ್ಕೆ ಮಾತು ಕೇಳುತ್ತಿರಲಿಲ್ಲ. ಆಮೇಲೆ ಅವಳು ಬ್ಯಾಗನ್ನು ಜಗಲಿಯ ಮೇಲಿಟ್ಟಳು. ಬಾಟಲು ತೆಗೆದಳು. ಪೇಪರು ತೆಗೆದಳು. ಬಿಳಿ ಜಬಲವನ್ನು ಎರಡೂ ಕೈಯಲ್ಲಿ ಎತ್ತಿ ಅಜ್ಜಿಗೆ ತೋರಿಸಿದಳು.

ನಾನು ಆಟೋದಲ್ಲೇ ಅತ್ತೆ. ಡ್ರೈವರು ಗಾಬರಿಯಾಗಿ, "ಯಾಕ್ ಸಾರ್? ಏಳಿದ್ನಲ್ಲ, ಪಾಪ ಅಂತ?" ಎಂದ. ಅವನು ಹೇಳಿದ್ದು ತೆಲುಗಿನ ಪಾಪ, ಹೆಣ್ಣುಮಗು. ನಾನು ಕೇಳಿಸಿಕೊಂಡಿದ್ದು ಕನ್ನಡದ ಅಯ್ಯೋ ಪಾಪ. ಎರಡು ಭಾಷೆ ಬಲ್ಲೆನೆಂಬ ನನ್ನ ಜಂಬಕ್ಕೆ ಅಷ್ಟು ಸಾಕಾಗಿತ್ತು.

ಇಳಿದು ಹತ್ತಿರ ಹೋದೆ. ಬೆಂಕಿಯ ಮೇಲೆ ದೊಡ್ಡ ಹಂಡೆಯಿತ್ತು. ಬಾಣಂತಿಯ ಸ್ನಾನಕ್ಕೆ ನೀರು ಕಾಯುತ್ತಿತ್ತು. ಅಜ್ಜಿ ಕಣ್ಣೊರೆಸಿಕೊಂಡಿದ್ದು ಹೊಗೆಗೆ. ಬಾಣಂತಿ ಆಕೆಯ ಮಗಳು ಮಂಜುಳ, ಹೆರಿಗೆಗೆಂದು ತವರಿಗೆ ಬಂದವಳು. ಒಳಗೆ, ಬಾಗಿಲಿಗೆ ಕಟ್ಟಿದ ಸೀರೆಯ ಮರೆಯಲ್ಲಿ ಮಲಗಿದ್ದಳು. ಟವಲಿನ ಮುದುಕರು ಅವಳ ತಂದೆ ವೆಂಕಟರಮಣಪ್ಪ. ಆ ದಿನ ಗಾಡಿಗೆ ಕಾದು ಕಾದು, ಕೊನೆಗೆ ಆ ದಾರಿಯಲ್ಲಿ ಟೊಮೇಟೊ ತುಂಬಿಕೊಂಡು ಹೊರಟಿದ್ದ ಟೆಂಪೋವನ್ನು ಅಡ್ಡಹಾಕಿದರಂತೆ. ಕ್ರೇಟುಗಳನ್ನೆಲ್ಲ ರಸ್ತೆಯ ಬದಿಗೆ ಇಳಿಸಿ, ಗೋಣಿಚೀಲ ಹಾಸಿ ಮಲಗಿಸಿಕೊಂಡು ಹೋದರಂತೆ. ಆಸ್ಪತ್ರೆಯ ಬಾಗಿಲಿಗೆ ಹೋಗುವುದಕ್ಕೂ ಮಗು ಹೊರಗೆ ಬರುವುದಕ್ಕೂ ಸರಿಹೋಯಿತಂತೆ. "ಇನ್ನೊಂದು ಚೂರು ತಡ ಆಗಿದ್ರೆ ಇಬ್ರೂ ಉಳೀತಿರ್ಲಿಲ್ಲ ಅಂದ್ರು ಸಾರು, ಡಾಕ್ಟ್ರಮ್ಮ" ಎಂದು ಅಜ್ಜಿ ನನ್ನ ಮುಂದೆ ಬೆರಳಿನ ತುದಿ ತೋರಿಸಿದಳು.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಜೀವ ಉಳಿದಿದೆ, ಜಬಲ ಕೊಟ್ಟಾಗಿದೆ, ಎದ್ದು ಬರಬಹುದಿತ್ತು. ಆದರೆ ಆ ಚೂರು, ಆ ಬೆರಳಿನ ತುದಿಯಷ್ಟು, ನನ್ನಿಂದಲೇ ಆಗಿದ್ದರೆ? ಜಗಲಿಯ ಮೇಲೆ ಕೂತು, ಸರೋಜಾಳ ಕಡೆ ನೋಡಿ, ಹೇಳಿಬಿಟ್ಟೆ. ನಾನೊಂದು ದೊಡ್ಡ ಪುಸ್ತಕದಂಥದ್ದಕ್ಕೆ ಊರುಗಳ ಬಗ್ಗೆ ಬರೆಯುತ್ತೇನೆ, ಅದು ಫೋನಿನಲ್ಲಿ ಎಲ್ಲರಿಗೂ ಕಾಣುತ್ತದೆ, ನಿಮ್ಮೂರೂ ಹುಣಸೇಕುಂಟೆಯೂ ಒಂದೇ ಎಂದು ನೋಡದೆ ಬರೆದುಬಿಟ್ಟೆ, ಗಾಡಿ ದಾರಿತಪ್ಪಿದ್ದು ಅದರಿಂದಲೇ ಇರಬೇಕು, ಎಂದೆ.

ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಓದ್ದೋರು ನೀವು. ಕೆಲ್ಸದಾಗಿದ್ದೋರು. ಬಂದು ನೋಡ್ದೆ ಇಂಗಾ ಬರೆಯೋದು? ನನ್ನ ಮಗ್ಳು ರೋಡ್ನಾಗೆ ಬಿದ್ಕೊಂಡು ಅರಚ್ತಿದ್ಲು, ಗೊತ್ತಾ ನಿಮ್ಗೆ? ಮಣ್ಣು ಗೀರ್ತಿದ್ಲು ಸಾರು, ಮಣ್ಣು!" ಎಂದಳು. ನಾನು ತಲೆ ತಗ್ಗಿಸಿದೆ. ಸರೋಜಾಳೂ ತಡೆಯಲಿಲ್ಲ. ಅಜ್ಜಿ ಇನ್ನೂ ಏನೇನೋ ತೆಲುಗಿನಲ್ಲಿ ಅಂದಳು. ಅಮ್ಮನ ಭಾಷೆಯಾದ್ದರಿಂದ ಒಂದೊಂದು ಮಾತೂ ಸರಿಯಾಗಿ ತಾಗಿತು.

"ಊರ್ಕೋವೇ" ಎಂದರು ವೆಂಕಟರಮಣಪ್ಪ. ಸುಮ್ಮನಿರು ಎಂದು. ಅವರು ತಲೆಯ ಟವಲು ತೆಗೆದು ಕೈಯಲ್ಲಿ ಹಿಂಡುತ್ತಿದ್ದರು. "ಅವ್ರನ್ನ ಬೈಬ್ಯಾಡ. ಅದು ನಾನು."

"ಏನು ನೀನು?"

"ಫೋನ್ ಎತ್ತಿದ ಹೆಣ್ಮಗು ಬೋ ಚೆನ್ನಾಗಿ ಕನ್ನಡ ಮಾತಾಡ್ತು. ಊರ ಹೆಸ್ರು ಏಳಿ ಅಂತು. ತೆಲುಗು ಹೆಸ್ರು ಏಳಿದ್ರೆ ಅವ್ರಿಗೆ ತಿಳಿಯಾಕಿಲ್ಲ ಅನ್ಕೊಂಡೆ. ಕನ್ನಡದಾಗೆ ಏಳ್ಬೇಕು ಅಂತ, ಹುಣಸೇಕುಂಟೆ ಅಂದ್ಬಿಟ್ಟೆ. ಆ ಹೆಸರ್ನಾಗೆ ಇನ್ನೊಂದು ಊರೈತೆ ಅಂತ ಆ ಗಾಬ್ರಿನಾಗೆ ನೆಪ್ಪೇ ಬರ್ಲಿಲ್ಲ. ನನ್ನ ಬಾಯಿಂದ್ಲೇ ಬಂತು. ಎಲ್ರೂ ಫೋನು ತಪ್ಪು ತೋರಿಸ್ತು ಅಂದ್ರು, ನಾನು ಸುಮ್ಕಿದ್ದೆ. ಆ ಮಗು ಅತ್ರೆ ಸಾಕು, ಎದೆ ಅದುರ್ತದೆ ನಂಗೆ."

ಅಜ್ಜಿಯ ಕೈ ಸೊಂಟದಿಂದ ಜಾರಿತು. ಬೆಂಕಿ ಚಟಪಟ ಎನ್ನುತ್ತಿತ್ತು. ಆಗ ಸೀರೆಯ ಮರೆಯಿಂದ ಸಣ್ಣ ದನಿ ಬಂತು.

"ನಂಗೆ ಗೊತ್ತಿತ್ತು ನಾಯ್ನಾ."

ನಾಯ್ನಾ ಎಂದರೆ ಅಪ್ಪ. ಮುದುಕರು ಬಾಗಿಲ ಕಡೆ ತಿರುಗಿದರು.

"ನೀನು ಫೋನ್ನಾಗೆ ಮಾತಾಡ್ವಾಗ ಪಕ್ಕದಲ್ಲೇ ಇದ್ನಲ್ಲ. ಹುಣಸೇಕುಂಟೆ ಅಂದಿದ್ದು ಕೇಳಿಸ್ತು. ನೋವಿನಾಗೆ ತಿದ್ದೋಕೆ ಆಗ್ಲಿಲ್ಲ. ಆಮೇಲೆ ಹೇಳಿದ್ರೆ ನೀನು ಬೇಜಾರ್ ಮಾಡ್ಕೊಂತೀಯ ಅಂತ ಸುಮ್ನಾದೆ."

ವೆಂಕಟರಮಣಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡರು. ಅಜ್ಜಿ ಹೋಗಿ ಅವರ ಪಕ್ಕದಲ್ಲಿ, ಸ್ವಲ್ಪ ಅಂತರ ಬಿಟ್ಟು, ಕೂತಳು. ಆ ಗಳಿಗೆಯಲ್ಲಿ ನನಗೆ ಹಾಯೆನಿಸಬೇಕಾಗಿತ್ತು, ಯಾಕೆಂದರೆ ತಪ್ಪು ನನ್ನದಲ್ಲವೆಂದು ಗೊತ್ತಾಗಿತ್ತು. ಆದರೆ ಅನ್ನಿಸಲಿಲ್ಲ. ಆ ಮುದುಕರು ನಡುಗುತ್ತಾ ಮಾಡಿದ ತಪ್ಪನ್ನೇ ನಾನು ಕಾಫಿ ಕುಡಿಯುತ್ತಾ ಮಾಡಿದ್ದೆ. ಗಾಡಿಯವರು ನನ್ನ ಪುಟ ನೋಡಿರಲಿಲ್ಲ ಎಂಬುದು ನನ್ನ ಅದೃಷ್ಟವೇ ಹೊರತು ನನ್ನ ಒಳ್ಳೆಯತನವಲ್ಲ.

ಸ್ನಾನಕ್ಕೆ ಮೊದಲು ಮಂಜುಳ ಮಗುವನ್ನು ಸರೋಜಾಳ ಮಡಿಲಿಗೆ ಕಳಿಸಿಕೊಟ್ಟಳು. ಸೀರೆಯ ಮರೆಯಿಂದಲೇ ನನ್ನನ್ನು ಕೇಳಿದಳು: "ಸಾರ್, ನಮ್ಮೂರ ಬಗ್ಗೆ ಏನಂತ ಬರ್ದಿದ್ದೀರಿ?"

ಓದಿದೆ. "ಚಿಂತಕುಂಟೆ, ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ."

"ಅಷ್ಟೇನಾ?"

"ಏನು ಬರೀಲಮ್ಮ, ಹೇಳು. ದೇವಸ್ಥಾನ ಇದ್ಯಾ? ಹಳೇ ಶಾಸನ ಏನಾದ್ರೂ?"

"ದಾರಿ ಬರೀರಿ ಸಾರ್" ಎಂದಳು. "ಎಲ್ಲಿಂದ ಬರ್ಬೇಕು, ಎಲ್ಲಿ ತಿರುಗ್ಬೇಕು. ಎರಡನೇ ಕವಲಲ್ಲಿ ಎಡಕ್ಕೆ ಬರ್ಬೇಕು, ಬಲಕ್ಕೆ ಹೋದ್ರೆ ತೋಪೊಳಗೆ ಸಿಕ್ಕಾಕ್ಕೊಂತಾರೆ. ಹುಣಸೇಕುಂಟೆ ಬೇರೆ, ನಮ್ಮದು ಬೇರೆ ಅಂತಾನೂ ಬರೀರಿ."

ಅವಳು ಹೇಳಿದ ಹಾಗೆಯೇ, ಅವಳ ಅಪ್ಪ ಅಲ್ಲಲ್ಲಿ ತಿದ್ದಿದ ಹಾಗೆಯೇ, ಆ ಜಗಲಿಯ ಮೇಲೆ ಕೂತು ಬರೆದೆ. ಅಲ್ಲಿ ಸಿಗ್ನಲ್ ಸಿಗದೆ, ವೆಂಕಟರಮಣಪ್ಪನವರು ನನ್ನನ್ನು ಕುಂಟೆಯ ಏರಿಯ ಮೇಲೆ ಕರೆದುಕೊಂಡು ಹೋದರು. ಬರೆದದ್ದು ಪುಟಕ್ಕೆ ಏರಿದ ಸ್ವಲ್ಪ ಹೊತ್ತಿಗೆ ರೆಹಮಾನ್ ಸಾಹೇಬರ ಫೋನು ಬಂತು. ಈ ಸಲ ಎತ್ತಿದೆ.

"ಸಾರ್, ಚಿಂತಕುಂಟೆ ಮಜರೆ ಅಲ್ವಾ? ನಿಯಮದ ಪ್ರಕಾರ ಪುಟ ಬರಲ್ವಲ್ಲ?"

"ಬರಲ್ಲ, ಸಾಹೇಬ್ರೇ."

"ಹೋಗಿ ನೋಡಿದ್ರಾ?"

"ಇಲ್ಲೇ ನಿಂತಿದ್ದೀನಿ."

"ಹಂಗಾದ್ರೆ ಇರ್ಲಿ ಬಿಡಿ" ಎಂದರು.

ವಾಪಸು ಬಸ್ಸಿನಲ್ಲಿ ಸರೋಜಾಳಿಗೆ ಕಿಟಕಿಯ ಸೀಟು ಸಿಕ್ಕಿತು. ಕಾಲಬಳಿ ಅಜ್ಜಿ ಕೊಟ್ಟ ಮಾವಿನಕಾಯಿಗಳ ಗಂಟು. ಅವಳು ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಊರು ಇನ್ನೂ ದೂರವಿರುವಾಗ, ಕಣ್ಣು ತೆರೆಯದೆಯೇ ಕೇಳಿದಳು.

"ರೀ, ಹೀಗೆ ನೋಡ್ದೆ ಸೇರಿಸಿರೋ ಊರು ಇನ್ನೆಷ್ಟಿವೆ?"

ಬೆರಳು ಮಡಿಸತೊಡಗಿದೆ. ಎರಡೂ ಕೈ ಮುಗಿದವು. ಮಡಿಸುವುದನ್ನು ನಿಲ್ಲಿಸಿದೆ. ಯಾವ ಊರಿನಲ್ಲಿ ಯಾರು ರಸ್ತೆಗೆ ಬಂದು ಏತಕ್ಕಾಗಿ ಕಾಯುತ್ತಿದ್ದಾರೋ, ಯಾರು ಯಾವ ಚುಕ್ಕಿ ನೋಡಿಕೊಂಡು ಎಲ್ಲಿಗೆ ಹೋಗುತ್ತಿದ್ದಾರೋ.

ಆ ವಾರವೇ ಇಬ್ಬರೂ ಮುಳಬಾಗಿಲಿನ ಕಡೆಯ ಬಸ್ಸು ಹತ್ತಿದೆವು. ದೇವರಾಯಸಮುದ್ರದ ಆಚೆ ನಲ್ಲಗುಟ್ಟಪಲ್ಲಿ ಎಂಬ ಊರನ್ನು ನಾನು ಕರಿಗುಡ್ಡದಹಳ್ಳಿಗೆ ಸೇರಿಸಿದ್ದೆ. ನಲ್ಲ ಎಂದರೆ ಕಪ್ಪು, ಗುಟ್ಟ ಎಂದರೆ ಗುಡ್ಡ, ಎಂದು ಆಗ ಒಬ್ಬನೇ ನಕ್ಕಿದ್ದೆ. ಕಂಡಕ್ಟರು ಬಂದು ಎಲ್ಲಿಗೆ ಎಂದು ಕೇಳಿದ.

"ನಲ್ಲಗುಟ್ಟಪಲ್ಲಿಗೆ, ಎರಡು."

"ನಲ್ಲಗುಟ್ಟಪಲ್ಲಿನಾ?" ಅವನು ಹುಬ್ಬು ಗಂಟಿಕ್ಕಿದ. "ಕರಿಗುಡ್ಡದಹಳ್ಳಿ ಅಂತಾರಲ್ಲ, ಅದೇನಾ ಸಾರ್?"

ನಾನು ಸರೋಜಾಳ ಮುಖ ನೋಡಿದೆ. ಎದುರಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಗೊತ್ತಿಲ್ಲಪ್ಪ" ಎಂದೆ. "ಅದನ್ನ ನೋಡೋಕೇ ಹೋಗ್ತಿದ್ದೀವಿ."